ಹಾಡು ಬಿಟ್ಟು ಟಿವಿಗೆ ಹೋದದ್ದಾ?

ಪ್ರಶ್ನೆ: ಮಾಷ್ಟ್ರೇ, ಸೋನು ನಿಗಮ್ ಅಷ್ಟು ದೊಡ್ಡ ಗಾಯಕ. ಟಿವಿಯಲ್ಲಿ ಬೇರೆಯವರ ಹಾಡು ಕೇಳಿ ಮಾರ್ಕು ಕೊಡ್ಲಿಕ್ಕೆ ಕೂತದ್ದು ಯಾಕೆ? ಹಾಡುವ ಅವಕಾಶ ಕಮ್ಮಿ ಆದದ್ದಾ?

ಈ ಸಲ ಪ್ರಶ್ನೆ ಬಂದದ್ದು ಕುಂಬಳೆಯಿಂದ. ಹೋದ ತಿಂಗಳು ಬದಿಯಡ್ಕದಿಂದ ಬಂದಿತ್ತು. ಅದಕ್ಕೂ ಮೊದಲು ಒಂದು ಮದುವೆ ಊಟದಲ್ಲಿ, ಎಲೆಗೆ ಸಾರು ಬೀಳುವ ಹೊತ್ತಿಗೆ, ಪಕ್ಕದಲ್ಲಿ ಕೂತವರು ಕೇಳಿದ್ದರು. ಹೆಸರು ಮಾತ್ರ ಬದಲಾಗುತ್ತದೆ. ಒಬ್ಬರಿಗೆ ಸೋನು, ಇನ್ನೊಬ್ಬರಿಗೆ ಶಾನ್, ಮಲಯಾಳ ಚಾನೆಲ್ ಜಾಸ್ತಿ ನೋಡುವ ಮನೆಯವರಿಗೆ ರಿಮಿ ಟೋಮಿ. ಒಳಗಿರುವ ಗುಮಾನಿ ಒಂದೇ. ಕಂಠ ಕೈಕೊಟ್ಟವರು ಟಿವಿಗೆ ಹೋಗುತ್ತಾರೆ ಅಂತ.

ಹಾಗೇನೂ ಇಲ್ಲ. ಸೋನು ವಿಷಯದಲ್ಲಂತೂ ಲೆಕ್ಕ ಪೂರ್ತಿ ತಿರುಗಾಮುರುಗಾ.

ಇಸವಿ ಹಿಡಿದೇ ಹೋಗೋಣ, ಇಲ್ಲದಿದ್ದರೆ ಮುಂದಿನ ತಿಂಗಳು ಪುನಃ ಇದೇ ಪ್ರಶ್ನೆ ಬರುತ್ತದೆ. ಝೀ ಟಿವಿಯಲ್ಲಿ ‘ಸ ರೆ ಗ ಮ’ ಶುರುವಾದದ್ದು 1995ರಲ್ಲಿ. ಅದನ್ನು ನಡೆಸಿಕೊಟ್ಟ ಹುಡುಗ ಸೋನು ನಿಗಮ್. ಆಗ ಅವರಿಗೆ 21 ವರ್ಷ. ಅಪ್ಪನ ಜೊತೆ ಸ್ಟೇಜಿನಲ್ಲಿ ನಾಲ್ಕನೇ ವಯಸ್ಸಿಗೇ ಹಾಡಲು ಶುರು ಮಾಡಿದ್ದರು, ಮುಂಬೈಗೆ ಬಂದು ರಫಿ ಹಾಡುಗಳನ್ನು ಕ್ಯಾಸೆಟ್ಟಿಗೆ ಹಾಡಿದ್ದರು. ಆದರೆ ದೇಶದ ಮನೆಮನೆಗೆ ಆ ಮುಖ ಗೊತ್ತಾದದ್ದು ಟಿವಿಯಿಂದ. ಹಾಡುಗಾರನಾಗಿ ಅವರಿಗೆ ಹೆಸರು ತಂದ ‘ಬಾರ್ಡರ್’, ‘ಪರ್‌ದೇಸ್’ ಸಿನಿಮಾ ಎರಡೂ ಬಂದದ್ದು 1997ರಲ್ಲಿ, ಅಂದರೆ ಟಿವಿಗೆ ಬಂದು ಎರಡು ವರ್ಷ ಆದ ಮೇಲೆ. ‘ದೀವಾನಾ’ ಎಂಬ ಪಾಪ್ ಆಲ್ಬಂ 1999ರದ್ದು. ಟಿವಿ ಅವರಿಗೆ ಪಿಂಚಣಿ ಅಲ್ಲ, ಮೊದಲ ಸಂಬಳ.

‘ಅದು ನಿರೂಪಣೆ ಮಾಷ್ಟ್ರೇ, ನಾನು ಕೇಳಿದ್ದು ಜಡ್ಜ್ ಆಗಿ ಕೂತದ್ದು’ ಅನ್ನುತ್ತೀರಿ. ಸರಿ. ‘ಇಂಡಿಯನ್ ಐಡಲ್’ ಮೊದಲ ಸೀಸನ್ 2004ರಲ್ಲಿ ಶುರುವಾಯಿತು. ಸೋನು, ಅನು ಮಲಿಕ್, ಫರಾ ಖಾನ್ ಮೂವರು ಜಡ್ಜ್‌ಗಳು. ಅದರ ಹಿಂದಿನ ವರ್ಷವಷ್ಟೇ ‘ಕಲ್ ಹೋ ನಾ ಹೋ’ ಬಂದಿತ್ತು. ಅದರ ಶೀರ್ಷಿಕೆ ಗೀತೆಗೆ ಅವರಿಗೆ ರಾಷ್ಟ್ರ ಪ್ರಶಸ್ತಿ. ಅವಕಾಶ ಕಮ್ಮಿಯಾದವನ ಗುರುತಾ ಇದು?

ಇನ್ನು, ಕನ್ನಡದವರು ಈ ಪ್ರಶ್ನೆ ಕೇಳುವುದು ನೋಡಿದರೆ ನನಗೆ ನಗು ಬರುತ್ತದೆ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ ಕೊನೆಗೆ. ಜಯಂತ ಕಾಯ್ಕಿಣಿ ಸಾಹಿತ್ಯ, ಮನೋಮೂರ್ತಿ ಸಂಗೀತ, ಸೋನು ಧ್ವನಿ. ‘ಅನಿಸುತಿದೆ ಯಾಕೋ ಇಂದು’ ಮೊಬೈಲಿನಲ್ಲಿ ರಿಂಗಾಗದ ಬಸ್ಸು ಕಾಸರಗೋಡು–ಮಂಗಳೂರು ರೂಟಿನಲ್ಲಿ ಆಗ ಒಂದಾದರೂ ಇತ್ತಾ? ಅದೇ ಜೋಡಿಯ ಜೊತೆ ‘ನೀನೇ ಬರಿ ನೀನೇ’ ಅಂತ ಕನ್ನಡ ಆಲ್ಬಂ ಮಾಡಿದ್ದು 2009ರಲ್ಲಿ. ನೀವು ಯಾವ ಸೋನುವನ್ನು ನಿಮ್ಮವನು ಅಂದುಕೊಂಡಿದ್ದೀರೋ, ಆ ಸೋನು ಪೂರ್ತಿ ‘ಟಿವಿಗೆ ಹೋದ ಮೇಲಿನ’ ಸೋನು!

ಶಾನ್ ಕಥೆಯೂ ಹೀಗೇ. 2000ದಲ್ಲಿ ‘ತನ್ಹಾ ದಿಲ್’ ಆಲ್ಬಂ, ಆಮೇಲೆ ‘ಸ ರೆ ಗ ಮ’ ನಿರೂಪಣೆ, ‘ಫನಾ’ದ ‘ಚಾಂದ್ ಸಿಫಾರಿಶ್’ 2006ರಲ್ಲಿ. ಯಕ್ಷಗಾನದ ಭಾಗವತರು ಒಂದು ದಿನ ಟಿವಿ ಸಂದರ್ಶನಕ್ಕೆ ಕೂತರೆ ಮರುದಿನ ರಂಗದಲ್ಲಿ ಪದ ಮರೆತುಹೋಗುತ್ತದಾ? ಅಷ್ಟೇ.

ಈ ಗುಮಾನಿಗೆ ಒಂದು ಬೇರು ಉಂಟು, ಅದನ್ನೂ ಹೇಳಬೇಕು. ಅಲೀಶಾ ಚಿನಾಯ್ ‘ಮೇಡ್ ಇನ್ ಇಂಡಿಯಾ’ ಮಾಡಿದ್ದು 1995ರಲ್ಲಿ. ಇಂಡಿಯನ್ ಐಡಲ್‌ನಲ್ಲಿ ಜಡ್ಜ್ ಆಗಿ ಕೂತದ್ದು 2007ರಲ್ಲಿ. ನಡುವೆ ಸಿನಿಮಾ ಇಲ್ಲದ ಪಾಪ್ ಆಲ್ಬಂಗಳ ಕಾಲವೇ ಮುಗಿದಿತ್ತು. ಎಂಪಿತ್ರೀ ಬಂತು, ಕ್ಯಾಸೆಟ್ ಹೋಯಿತು, ಮ್ಯೂಸಿಕ್ ಚಾನೆಲ್ ತುಂಬ ಸಿನಿಮಾ ಹಾಡೇ ಆಯಿತು. ಹಾಗೆ ಕಮ್ಮಿಯಾದದ್ದು ಆಲ್ಬಂ ವ್ಯಾಪಾರ. ಅಲೀಶಾ ಕಂಠಕ್ಕೆ ಏನೂ ಆಗಿರಲಿಲ್ಲ, 2005ರ ‘ಕಜ್ರಾ ರೇ’ ಕೇಳಿದವರಿಗೆ ಗೊತ್ತು.

ಮತ್ತೆ ಟಿವಿ ಯಾಕೆ ಅಂದರೆ, ದುಡ್ಡು. ಇದರಲ್ಲಿ ಗುಟ್ಟೇನೂ ಇಲ್ಲ. ನಮ್ಮಲ್ಲಿ ಸಿನಿಮಾ ಹಾಡಿಗೆ ಬಹುಕಾಲ ಒಂದೇ ಸಲದ ಸಂಭಾವನೆ. ಹಾಡು ಇಪ್ಪತ್ತು ವರ್ಷ ಓಡಿದರೂ ಹಾಡಿದವರಿಗೆ ಪುನಃ ಏನೂ ಇಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದ ಮೇಲೆಯೇ ಗಾಯಕರಿಗೆ ರಾಯಲ್ಟಿಯ ಹಕ್ಕು ಗಟ್ಟಿಯಾದದ್ದು. ಟಿವಿ ಹಾಗಲ್ಲ, ವಾರವಾರ ಮುಖ ತೋರಿಸುತ್ತದೆ. ಮುಖ ಗೊತ್ತಿದ್ದರೆ ಸ್ಟೇಜ್ ಶೋಗೆ ಕರೆ ಜಾಸ್ತಿ. ನಮ್ಮ ಜಾತ್ರೆ ಕಮಿಟಿಯವರನ್ನೇ ಕೇಳಿ ನೋಡಿ. ಗಾನಮೇಳಕ್ಕೆ ಯಾರನ್ನು ಕರೆಸುವುದು ಅಂತ ಮಾತು ಬಂದರೆ ‘ಟಿವಿಯಲ್ಲಿ ಬರ್ತಾರಲ್ಲ, ಅವರು’ ಅಂತಲೇ ಮೊದಲು ಹೇಳುತ್ತಾರೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಉಂಟು, ನನಗೆ ಅದೇ ಜಾಸ್ತಿ ಇಷ್ಟ. ಹರಿಯಾಣದ ಫರೀದಾಬಾದಿನಲ್ಲಿ ಹುಟ್ಟಿದ ಸೋನು ಬಾಯಲ್ಲಿ ಕನ್ನಡ ಹೇಗೆ ಕೂತಿತು? ಬೇರೆ ಭಾಷೆಯ ಗಾಯಕರು ಸಾಮಾನ್ಯವಾಗಿ ಸಾಹಿತ್ಯವನ್ನು ತಮಗೆ ಗೊತ್ತಿರುವ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಅರ್ಥ ಕೇಳುತ್ತಾರೆ, ಕಷ್ಟದ ಅಕ್ಷರದ ಕೆಳಗೆ ಗೆರೆ ಎಳೆಯುತ್ತಾರೆ. ಹಿಂದಿಯವರಿಗೆ ದೊಡ್ಡ ಕಷ್ಟ ನಮ್ಮ ‘ಳ’. ಅವರ ಭಾಷೆಯಲ್ಲಿ ಅದು ಇಲ್ಲವೇ ಇಲ್ಲ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಆ ಕಷ್ಟ ಇಲ್ಲ. ಮನೆಯಲ್ಲಿ ತುಳು ಇರಲಿ, ಮಲಯಾಳ ಇರಲಿ, ‘ಳ’ ಹುಟ್ಟುವಾಗಲೇ ಬಂದಿರುತ್ತದೆ. ಮಲಯಾಳದ ಮನೆಗಳಲ್ಲಿ ಇನ್ನೊಂದು ಅಕ್ಷರವೂ ಹೆಚ್ಚಿಗೆ ಇರುತ್ತದೆ, ನಾಲಿಗೆ ಹಿಂದಕ್ಕೆ ಮಡಚಿ ಹೇಳುವ ‘ೞ’. ನನ್ನಲ್ಲಿಗೆ ಪಾಠಕ್ಕೆ ಬರುವ ಒಬ್ಬಳು ಕಲೋತ್ಸವದ ಕನ್ನಡ ಪದ್ಯಕ್ಕೆ ತಯಾರಾಗುತ್ತಿದ್ದಾಳೆ. ‘ಮಳೆ’ ಅನ್ನುವಾಗ ಅವಳ ಬಾಯಿಗೆ ‘ಮೞೆ’ ಬರುತ್ತದೆ. ಉಳಿದ ಮಕ್ಕಳು ನಗುತ್ತಾರೆ. ಹಳಗನ್ನಡದಲ್ಲಿ ಆ ಶಬ್ದ ಇದ್ದದ್ದೇ ಹಾಗೆ ಅಂತ ಅವರಿಗೆ ಹೇಳಿದೆ, ಯಾರೂ ನಂಬಲಿಲ್ಲ. ಅವಳನ್ನು ಮಾತ್ರ ನಾನಿನ್ನೂ ತಿದ್ದಿಲ್ಲ. ಕಲೋತ್ಸವಕ್ಕೆ ಇನ್ನೂ ಎರಡು ವಾರ ಉಂಟಲ್ಲ, ನೋಡೋಣ.