ಬರೀ ಬೆಣ್ಣೆ ಅಂತ ಗೊತ್ತಿದ್ದರೂ...

"ಸರ್, ಈ ಶರ್ಟ್ ನಿಮಗೇ ಹೇಳಿ ಮಾಡಿಸಿದ ಹಾಗಿದೆ" ಅಂತ ಅಂಗಡಿಯವನು ಹೇಳಿದರೆ ಅದು ವ್ಯಾಪಾರದ ಮಾತು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಕನ್ನಡಿ ಮುಂದೆ ಇನ್ನೊಂದು ಸಲ ತಿರುಗಿ ನೋಡಿಕೊಳ್ಳುತ್ತೇವೆ, ಅಲ್ವಾ?

ಇದನ್ನೇ ಹಾಂಗ್‌ಕಾಂಗ್‌ನ ಮಾರ್ಕೆಟಿಂಗ್ ಸಂಶೋಧಕರಾದ ಎಲೇನ್ ಚಾನ್ ಮತ್ತು ಜೈದೀಪ್ ಸೇನ್‌ಗುಪ್ತ ಪರೀಕ್ಷೆ ಮಾಡಿ ನೋಡಿದರು. ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ವಿದ್ಯಾರ್ಥಿಗಳ ಕೈಗೆ ಒಂದು ಅಂಗಡಿಯ ಕರಪತ್ರ ಕೊಟ್ಟರು. ನಿಮಗೆ ಫ್ಯಾಷನ್ ಚೆನ್ನಾಗಿ ಗೊತ್ತು, ಅದಕ್ಕೇ ನಿಮಗಿದು ಕಳಿಸುತ್ತಿದ್ದೇವೆ, ನಮ್ಮಲ್ಲಿಗೆ ಬನ್ನಿ ಅನ್ನುವ ಧಾಟಿ. ಮುಖವನ್ನೂ ನೋಡದೆ ಊರಿಗೆಲ್ಲ ಹಂಚಿದ ಹೊಗಳಿಕೆ. ನಿಧಾನವಾಗಿ ಯೋಚಿಸಿ ಹೇಳಿ ಅಂದಾಗ ವಿದ್ಯಾರ್ಥಿಗಳು ಅಂಗಡಿಯನ್ನು ಅಷ್ಟೇನೂ ಮೆಚ್ಚಲಿಲ್ಲ. ತಟ್ಟನೆ ಹೇಳಿ ಅಂದಾಗ ಮಾತ್ರ ಅಂಗಡಿ ಜಾಸ್ತಿ ಇಷ್ಟವಾಯಿತು. ಅಂದರೆ ತಲೆ 'ಇದು ಸುಳ್ಳು' ಅಂತ ತಳ್ಳಿಹಾಕಿದರೂ ಹಿತವಾದ ಮೊದಲ ಅನಿಸಿಕೆ ಅಳಿಸಿಹೋಗುವುದಿಲ್ಲ, ಕೆಳಗೆಲ್ಲೋ ಉಳಿದುಕೊಂಡು ಕೆಲವು ದಿನ ಕಳೆದ ಮೇಲೆ ಕೆಲಸ ಮಾಡುತ್ತದೆ. ಆಗಷ್ಟೇ ತಮ್ಮ ಕೊರತೆ ನೆನೆದು ಮುಖ ಚಿಕ್ಕದಾದವರ ಮೇಲಂತೂ ಪರಿಣಾಮ ಇನ್ನೂ ಜಾಸ್ತಿ. ವ್ಯಾಪಾರಿಗಳಿಗೆ ಇದು ಸಂಶೋಧನೆಗಿಂತ ಮೊದಲೇ ಗೊತ್ತಿತ್ತು ಬಿಡಿ.

ಪಕ್ಕದಲ್ಲಿ ನಿಂತು ನೋಡುವವನ ಕಥೆ ಬೇರೆ. ಮೇಲಿನವರಿಗೆ ಬೆಣ್ಣೆ ಹಚ್ಚಿ ಕೆಳಗಿನವರನ್ನು ಒದೆಯುವವರನ್ನು ಕಂಡರೆ ನಮಗೆ ಎಷ್ಟು ಬೇಗ ಅಸಹ್ಯವಾಗುತ್ತದೆ ಅಂತ ಡಚ್ ಮನೋವಿಜ್ಞಾನಿ ರೂಸ್ ಫೋಂಕ್ 1998ರಲ್ಲಿ ತೋರಿಸಿದರು. ಅವರು ಅದಕ್ಕಿಟ್ಟ ಹೆಸರು 'ಸ್ಲೈಮ್ ಎಫೆಕ್ಟ್', ಲೋಳೆ ಪರಿಣಾಮ! ಆದರೆ ಅದೇ ಲೋಳೆ ನಮ್ಮ ಮೇಲೇ ಬಿದ್ದಾಗ ಅಷ್ಟು ಅಂಟಂಟು ಅನಿಸುವುದಿಲ್ಲ. ಹೊಗಳಿಸಿಕೊಂಡವರಿಗೆ ಹೊಗಳಿದವರು ನೋಡುಗರಿಗಿಂತ ಹೆಚ್ಚು ಇಷ್ಟವಾಗುತ್ತಾರೆ ಅಂತ ಅವರ 2002ರ ಅಧ್ಯಯನ ಹೇಳುತ್ತದೆ.

ಹೊಗಳುವುದು ಮನುಷ್ಯನೇ ಆಗಬೇಕೆಂದೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ. ಜೆ. ಫಾಗ್ ಮತ್ತು ಕ್ಲಿಫರ್ಡ್ ನಾಸ್ 1997ರಲ್ಲೇ ಕಂಪ್ಯೂಟರಿನಿಂದ ಹೊಗಳಿಸಿದ್ದರು. ಅದೊಂದು ಪ್ರಾಣಿ ಊಹಿಸುವ ಆಟ. ಈ ಶಹಬ್ಬಾಸ್‌ಗೂ ನಿಮ್ಮ ಆಟಕ್ಕೂ ಸಂಬಂಧವಿಲ್ಲ ಅಂತ ಕೆಲವರಿಗೆ ಮೊದಲೇ ಹೇಳಿಟ್ಟಿದ್ದರು. ಆದರೂ ನಿಜವಾದ ಮೆಚ್ಚುಗೆ ಅಂದುಕೊಂಡವರಷ್ಟೇ ಅವರೂ ಖುಷಿಪಟ್ಟರು.

ಈಗ ಇದು ಸುಮ್ನೆ ಆಟವಾಗಿ ಉಳಿದಿಲ್ಲ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಅಪ್‌ಡೇಟ್ ಏನು ಹೇಳಿದರೂ ತಲೆದೂಗಿ ಹೊಗಳತೊಡಗಿತು. ಜನ ಗೇಲಿ ಮಾಡಿದರು, ಕೆಲವೇ ದಿನಗಳಲ್ಲಿ ಅದನ್ನು ತಯಾರಿಸಿದ ಓಪನ್‌ಎಐ ಕಂಪನಿ ಆ ಅಪ್‌ಡೇಟನ್ನು ಹಿಂದಕ್ಕೆ ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಈ ಬೆಣ್ಣೆ ಹಚ್ಚುವ ಕಾಯಿಲೆಗೆ ಸಿಕೊಫ್ಯಾನ್ಸಿ ಅನ್ನುತ್ತಾರೆ. ಯಂತ್ರಕ್ಕೆ ಯಾರನ್ನೂ ಮೆಚ್ಚಿಸುವ ಆಸೆ ಇರಬೇಕೆಂದಿಲ್ಲ. ತರಬೇತಿಯಲ್ಲಿ ನಾವು ಯಾವ ಉತ್ತರಕ್ಕೆ ಹೆಬ್ಬೆರಳು ಎತ್ತುತ್ತೇವೋ ಅದರತ್ತಲೇ ಅದು ವಾಲುತ್ತದೆ, ಮತ್ತು ನಾವು ಎತ್ತುವುದು ಎಷ್ಟೋ ಸಲ ನಮ್ಮ ಮಾತಿಗೆ ಹೂಂ ಅಂದ ಉತ್ತರಕ್ಕೇ. 'ಈ ಬರಹ ನನಗೆ ತುಂಬಾ ಹಿಡಿಸಿತು' ಅಂತ ಹೇಳಿ ಅಭಿಪ್ರಾಯ ಕೇಳಿದರೆ ಚಾಟ್‌ಬಾಟ್‌ಗಳು ಹೊಗಳುತ್ತವೆ, ಹಿಡಿಸಲಿಲ್ಲ ಅಂದರೆ ಅದೇ ಬರಹದಲ್ಲಿ ತಪ್ಪು ಹುಡುಕುತ್ತವೆ ಅಂತ 2023ರ ಒಂದು ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ ನಿಮ್ಮ ಕವಿತೆ ತೋರಿಸುವಾಗ ಅದು ನಿಮ್ಮದು ಅಂತ ಬಾಯಿ ಬಿಡಬೇಡಿ.