ಪುರಾವೆ ತೋರಿಸಿದರೂ ಎದುರಿನವರು ಯಾಕೆ ಒಪ್ಪೋದಿಲ್ಲ?

ಓದುಗರ ಪ್ರಶ್ನೆ: ಸಮಾಜ, ರಾಜಕೀಯದ ವಿಷಯ ಬಂದಾಗ ನಾನು ಬಾಯಿಗೆ ಬಂದಂತೆ ಮಾತಾಡುವವನಲ್ಲ. ಅಂಕಿ ಅಂಶ ಹುಡುಕಿ, ಓದಿ, ಆಮೇಲೆ ಮುಂದಿಡುತ್ತೇನೆ. ಆದರೂ ಗೆಳೆಯರು ಒಂದಿಂಚೂ ಕದಲುವುದಿಲ್ಲ. ಪುರಾವೆ ಕೊಟ್ಟಷ್ಟೂ ಹಟ ಜಾಸ್ತಿಯಾಗುತ್ತದೆ. ಹಾಗಾದರೆ ಪ್ರಾಮಾಣಿಕ ಚರ್ಚೆ ಅನ್ನುವುದು ಸಾಧ್ಯವೇ ಇಲ್ಲವಾ?

ಉತ್ತರ: ಸಾಧ್ಯ ಇದೆ. ಆದರೆ ನೀವು ಪುರಾವೆಯನ್ನು ತುಂಬಾ ಬೇಗ ಹೊರಗೆ ತೆಗೆಯುತ್ತಿದ್ದೀರಿ ಅಂತ ನನ್ನ ಅನುಮಾನ. ತಕ್ಕಡಿ ಯಾವುದು ಅಂತ ಒಪ್ಪಿಕೊಳ್ಳುವ ಮೊದಲೇ ಸರಕು ಸುರಿದರೆ ಇಬ್ಬರೂ ಅವರವರ ತಕ್ಕಡಿಯಲ್ಲೇ ತೂಗುತ್ತಾರೆ. ತೂಕ ಬೇರೆ ಬೇರೆ ಬರದೆ ಇನ್ನೇನಾಗುತ್ತದೆ?

ಒಂದು ಹಳೆಯ ಪ್ರಯೋಗ ನೋಡಿ. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು 48 ವಿದ್ಯಾರ್ಥಿಗಳನ್ನು ಆರಿಸಿದರು. ಅರ್ಧ ಜನ ಮರಣದಂಡನೆ ಬೇಕು ಅನ್ನುವವರು, ಇನ್ನರ್ಧ ಬೇಡ ಅನ್ನುವವರು. ಎಲ್ಲರಿಗೂ ಎರಡೆರಡು ಅಧ್ಯಯನ ಓದಲು ಕೊಟ್ಟರು. ಮರಣದಂಡನೆಯಿಂದ ಕೊಲೆ ಕಡಿಮೆಯಾಗುತ್ತದೆ ಅನ್ನುತ್ತಿತ್ತು ಒಂದು, ಆಗುವುದಿಲ್ಲ ಅನ್ನುತ್ತಿತ್ತು ಇನ್ನೊಂದು. ನಿಜ ಹೇಳಬೇಕೆಂದರೆ ಎರಡನ್ನೂ ಆ ಸಂಶೋಧಕರೇ ಕಟ್ಟಿದ್ದರು. ಯಾವ ವಿಧಾನಕ್ಕೆ ಯಾವ ಫಲಿತಾಂಶ ಅನ್ನುವುದನ್ನೂ ಅದಲು ಬದಲು ಮಾಡಿ ಹಂಚಿದ್ದರು.

ಹುಡುಗರು ಏನು ಮಾಡಿದರು ಗೊತ್ತಾ? ತಮ್ಮ ಮಾತಿಗೆ ಹೊಂದುವ ಅಧ್ಯಯನ ಚೆನ್ನಾಗಿದೆ ಅಂದರು. ಹೊಂದದೇ ಇದ್ದದ್ದರಲ್ಲಿ ಸಾಲು ಸಾಲು ತಪ್ಪು ಹುಡುಕಿದರು. ಅದೇ ವಿಧಾನ ಒಬ್ಬನಿಗೆ ಗಟ್ಟಿ, ಇನ್ನೊಬ್ಬನಿಗೆ ಟೊಳ್ಳು. ಕೊನೆಗೆ ಕೇಳಿದಾಗ ಎರಡೂ ಕಡೆಯವರು, ಈಗ ನಮ್ಮ ನಿಲುವು ಮೊದಲಿಗಿಂತ ಗಟ್ಟಿಯಾಗಿದೆ ಅಂದುಬಿಟ್ಟರು! ಇವರು ದಡ್ಡರಲ್ಲ, ಸುಳ್ಳರೂ ಅಲ್ಲ. ಫಲಿತಾಂಶ ನೋಡಿದ ಮೇಲೆ ತಕ್ಕಡಿ ಆರಿಸಿಕೊಂಡರು, ಅಷ್ಟೇ.

ನಾನೂ ಇದನ್ನೇ ಮಾಡಿದ್ದೇನೆ. ಒಮ್ಮೆ ವಾದದ ಬಿಸಿಯಲ್ಲಿ ಒಂದು ವರದಿಯ ತಲೆಬರಹ ನೋಡಿ ಗೆಳೆಯನಿಗೆ ಕಳಿಸಿದೆ. ಅವನು ಪೂರ್ತಿ ಓದಿದ. ಒಳಗಿದ್ದದ್ದು ಅವನ ಮಾತಿಗೇ ಹತ್ತಿರವಾಗಿತ್ತು. ಅವನು ಕಳಿಸಿದ ವರದಿಗಳನ್ನು ಮಾತ್ರ ನಾನು ಭೂತಗನ್ನಡಿ ಹಿಡಿದು ಓದುತ್ತಿದ್ದೆ.

ಆ 1979ರ ಕಥೆಯನ್ನು ತುಂಬಾ ಜನ ಹೇಳುತ್ತಾರೆ, ಮುಂದಿನದನ್ನು ಹೇಳುವುದಿಲ್ಲ. 1984ರಲ್ಲಿ ಲಾರ್ಡ್, ಲೆಪ್ಪರ್ ಇಬ್ಬರೂ ಎಲಿಜಬೆತ್ ಪ್ರೆಸ್ಟನ್ ಜೊತೆ ಸೇರಿ ಹೆಚ್ಚುಕಡಿಮೆ ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಈ ಸಲ ಒಂದು ಗುಂಪಿಗೆ, ನ್ಯಾಯಾಧೀಶರ ಹಾಗೆ ಪಕ್ಷಪಾತವಿಲ್ಲದೆ ಓದಿ ಅಂತ ಹೇಳಿದರು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಇನ್ನೊಂದು ಗುಂಪಿಗೆ ಹೇಳಿದ್ದು ಬೇರೆ: ಇದೇ ಅಧ್ಯಯನ ಉಲ್ಟಾ ಫಲಿತಾಂಶ ಕೊಟ್ಟಿದ್ದರೂ ನಾನು ಇದನ್ನು ಹೀಗೇ ಅಳೆಯುತ್ತಿದ್ದೆನಾ ಅಂತ ಹೆಜ್ಜೆ ಹೆಜ್ಜೆಗೂ ಕೇಳಿಕೊಳ್ಳಿ. ಈ ಗುಂಪಿನಲ್ಲಿ ಪಕ್ಷಪಾತ ಎದ್ದು ಕಾಣುವಷ್ಟು ಇಳಿಯಿತು. 'ತೆರೆದ ಮನಸ್ಸಿನಿಂದ ಚರ್ಚಿಸೋಣ' ಅನ್ನುವ ಮಾತು ಕೇಳಲು ಚೆಂದ. ಕೆಲಸ ಮಾಡುವುದು ಮಾತ್ರ ಆ ಸಣ್ಣ, ಚುಚ್ಚುವ ಪ್ರಶ್ನೆ.

ಇನ್ನೊಂದು ತೊಡಕಿದೆ. ಜಗಳ ನಡೆಯುತ್ತಿರುವುದು ಯಾವುದರ ಮೇಲೆ ಅಂತಲೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಮರಣದಂಡನೆಯನ್ನೇ ತೆಗೆದುಕೊಳ್ಳಿ. ಅದರಿಂದ ಕೊಲೆ ಕಡಿಮೆಯಾಗುತ್ತದಾ ಅನ್ನುವುದು ಲೆಕ್ಕದ ಪ್ರಶ್ನೆ. ಸರ್ಕಾರ ಒಬ್ಬ ಮನುಷ್ಯನ ಜೀವ ತೆಗೆಯಬಹುದಾ ಅನ್ನುವುದು ಸರಿ ತಪ್ಪಿನ ಪ್ರಶ್ನೆ. ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲನೆಯದರ ಬಗ್ಗೆ ಕೂಗಾಡಿದರೆ ಅಂಕಿ ಅಂಶ ಪಾಪ ಏನು ಮಾಡೀತು?

ಆ ಲೆಕ್ಕದ ಪ್ರಶ್ನೆಗಾದರೂ ಉತ್ತರ ಸಿಕ್ಕಿದೆಯಾ? 2012ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಮೂರು ದಶಕಕ್ಕೂ ಹೆಚ್ಚಿನ ಅಧ್ಯಯನಗಳನ್ನು ಜಾಲಾಡಿ ವರದಿ ಕೊಟ್ಟಿತು. ಮರಣದಂಡನೆ ಕೊಲೆಗಳನ್ನು ಕಡಿಮೆ ಮಾಡುತ್ತದೋ, ಹೆಚ್ಚಿಸುತ್ತದೋ, ಏನೂ ಮಾಡುವುದಿಲ್ಲವೋ ಅಂತ ಈ ಅಧ್ಯಯನಗಳಿಂದ ಹೇಳಲು ಬರುವುದಿಲ್ಲ, ಹಾಗಾಗಿ ನೀತಿ ನಿರ್ಧಾರಕ್ಕೆ ಇವನ್ನು ಬಳಸಬೇಡಿ ಅಂತ ಅದರ ಸಾರ. ಅವು ಎಡವಿದ ಒಂದು ಮುಖ್ಯ ಜಾಗ ಇದು: ಕೊಲೆಗೆ ಸಿಗುವ ಬೇರೆ ಶಿಕ್ಷೆಗಳನ್ನು, ಅಂದರೆ ಜೀವಾವಧಿಯಂಥವನ್ನು, ಲೆಕ್ಕಕ್ಕೆ ಸರಿಯಾಗಿ ಹಿಡಿದಿರಲಿಲ್ಲ. ಒಂದೇ ಶಿಕ್ಷೆಯನ್ನು ನೋಡಿದರೆ ಯಾವುದಕ್ಕಿಂತ ಜಾಸ್ತಿ ಹೆದರಿಕೆ ಅಂತ ಹೇಗೆ ಹೇಳುವುದು? ನನ್ನ ಲೆಕ್ಕದಲ್ಲಿ 'ಗೊತ್ತಿಲ್ಲ' ಅನ್ನುವುದೂ ಒಂದು ಅಂಶವೇ. ಆದರೆ ಅದನ್ನು ಮುಂದಿಟ್ಟರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಇನ್ನು, ಪುರಾವೆ ಕೊಟ್ಟಷ್ಟೂ ಹಟ ಜಾಸ್ತಿ ಅನ್ನುವ ನಿಮ್ಮ ದೂರು. ಬ್ರೆಂಡನ್ ನೈಹಾನ್, ಜೇಸನ್ ರೈಫ್ಲರ್ ಎಂಬ ರಾಜಕೀಯ ವಿಜ್ಞಾನಿಗಳು 2010ರಲ್ಲಿ ಇದನ್ನೇ ಹೇಳಿದ್ದರು. ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿದ್ದವು ಎಂಬ ತಪ್ಪನ್ನು ತಿದ್ದಲು ಹೋದರೆ ಕೆಲವರಲ್ಲಿ ಆ ನಂಬಿಕೆ ಇನ್ನಷ್ಟು ಬಲವಾಯಿತು ಅಂತ. ಆ ಮಾತು ಎಲ್ಲೆಡೆ ಹಬ್ಬಿತು. ಆಮೇಲೆ ಥಾಮಸ್ ವುಡ್, ಈಥನ್ ಪೋರ್ಟರ್ ಎಂಬ ಇನ್ನಿಬ್ಬರು ಸಂಶೋಧಕರು 10,000ಕ್ಕೂ ಹೆಚ್ಚು ಜನರನ್ನು 52 ವಿಷಯಗಳ ಮೇಲೆ ಪರೀಕ್ಷಿಸಿದರು. ಆ ತಿರುಗುಬಾಣ ಹುಡುಕಿದರೂ ಸಿಗದಷ್ಟು ಅಪರೂಪ ಅಂತ ಕಂಡಿತು. ನೈಹಾನ್, ರೈಫ್ಲರ್ ಮುನಿಸಿಕೊಂಡು ಕೂರಲಿಲ್ಲ. ವುಡ್, ಪೋರ್ಟರ್ ಜೊತೆಗೇ ಸೇರಿ ಅಮೆರಿಕದ 2016ರ ಚುನಾವಣೆಯ ಬಗ್ಗೆ ಹೊಸ ಅಧ್ಯಯನ ಮಾಡಿದರು. ಟ್ರಂಪ್ ಹೇಳಿದ ತಪ್ಪು ಮಾಹಿತಿಯನ್ನು ತಿದ್ದಿದಾಗ ಅವರ ಬೆಂಬಲಿಗರ ತಿಳಿವಳಿಕೆಯೂ ನಿಜದ ಹತ್ತಿರ ಬಂತು. ಟ್ರಂಪ್ ಮೇಲಿನ ಒಲವು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ಅಂದರೆ ನಿಮ್ಮ ಗೆಳೆಯರು ನಿಮ್ಮ ಅಂಕಿಯನ್ನು ಒಪ್ಪಿಕೊಂಡಿರಲೂಬಹುದು. ನೀವು ಕಾಯುತ್ತಿದ್ದದ್ದು ಅದನ್ನಲ್ಲ, ಶರಣಾಗತಿಯನ್ನು. ಅಲ್ವಾ?

ನಾವು ಮಾತುಮಾತಿಗೆ 'ವಿತಂಡವಾದ ಮಾಡಬೇಡ' ಅನ್ನುತ್ತೇವೆ. ವಿತಂಡ ಅನ್ನುವುದು ನ್ಯಾಯಶಾಸ್ತ್ರದ, ಅಂದರೆ ಭಾರತದ ಹಳೆಯ ತರ್ಕಶಾಸ್ತ್ರದ ಪದ. ಅಲ್ಲಿ ನಿಜ ತಿಳಿಯಲು ಆಡುವ ಮಾತು ವಾದ. ಗೆಲ್ಲಲೇಬೇಕು ಅಂತ ಆಡುವುದು ಜಲ್ಪ. ತನ್ನದು ಅಂತ ಯಾವ ನಿಲುವನ್ನೂ ಇಡದೆ ಎದುರಿನವರದ್ದನ್ನು ಕೆಡವುತ್ತಲೇ ಹೋಗುವುದು ವಿತಂಡ. ಎದುರಿನವರದ್ದು ಯಾವಾಗಲೂ ವಿತಂಡದ ಹಾಗೆ ಕಾಣುತ್ತದೆ. ನಮ್ಮದು ಹೆಚ್ಚಿನ ಸಲ ಜಲ್ಪ ಅನ್ನುವುದು ಕಾಣುವುದಿಲ್ಲ. ಹಳಬರು ಇನ್ನೊಂದು ಒಳ್ಳೆಯ ರೂಢಿ ಇಟ್ಟುಕೊಂಡಿದ್ದರು, ಪೂರ್ವಪಕ್ಷ ಅಂತ. ಮೊದಲು ಎದುರಿನವರ ಮಾತನ್ನು ನೀವೇ ಹೇಳಬೇಕು. ಹೌದು, ನಾನು ಹೇಳಿದ್ದು ಇದೇ ಅಂತ ಅವರು ತಲೆಯಾಡಿಸುವ ಹಾಗೆ ಹೇಳಬೇಕು. ಪ್ರಯತ್ನಿಸಿ ನೋಡಿ, ಸುಲಭ ಅಲ್ಲ.

ಅದಾದ ಮೇಲೆ, ಅಂಕಿ ಅಂಶ ತೆಗೆಯುವ ಮೊದಲು, ಒಂದು ಪ್ರಶ್ನೆ ಕೇಳಿ: ಏನು ಕಂಡರೆ ನೀನು ಮನಸ್ಸು ಬದಲಾಯಿಸುತ್ತೀಯ? ಏನು ಕಂಡರೂ ಇಲ್ಲ ಅಂತ ಉತ್ತರ ಬಂದರೆ ಬೇಸರ ಬೇಡ. ಬಹುಶಃ ಅದು ಲೆಕ್ಕದ ಜಗಳವಲ್ಲ, ಸರಿ ತಪ್ಪಿನದ್ದು. ವರದಿ ಬದಿಗಿಟ್ಟು ಅದನ್ನೇ ಮಾತಾಡಿ. ಇಂಥದ್ದು ಕಂಡರೆ ಬದಲಾಯಿಸುತ್ತೇನೆ ಅಂತ ಗೆಳೆಯ ಹೇಳಿದರೆ ನಿಮಗೆ ತಕ್ಕಡಿ ಸಿಕ್ಕಿತು. ನಿಮ್ಮ ಉತ್ತರವನ್ನೂ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವನು ತಿರುಗಿ ಕೇಳೇ ಕೇಳುತ್ತಾನೆ.