ತೊಗಲು ಹದ ಮಾಡುವುದು ಯಾರ ಕೆಲಸ?

ಸತ್ತ ಪ್ರಾಣಿಯ ತೊಗಲನ್ನು ಆಕೃತಿಗೆ ಹೊದಿಸಿ ಜೀವಂತ ಇರುವಂತೆ ನಿಲ್ಲಿಸುವ ಟ್ಯಾಕ್ಸಿಡರ್ಮಿಸ್ಟರಿಗೂ ಆ ತೊಗಲನ್ನು ಹದ ಮಾಡಿಕೊಡುವ ಟ್ಯಾನರಿಯವರಿಗೂ ಜಗಳ ಹತ್ತುವುದು ಹೆಚ್ಚಾಗಿ ಕಿವಿಯ ಬುಡದಲ್ಲಿ. ತಿಂಗಳುಗಟ್ಟಲೆ ಕಾದ ಮೇಲೆ ತೊಗಲು ವಾಪಸ್ ಬಂದಿರುತ್ತದೆ. ಮೆತ್ತಗಿದೆ, ನಾರುವುದಿಲ್ಲ, ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಆದರೆ ಕಿವಿಯ ಹಿಂದೆ ಅಂಗೈಯಗಲದಷ್ಟು ಜಾಗದಲ್ಲಿ ಕೂದಲೇ ಇಲ್ಲ. ‘ನಿಮ್ಮ ಯಂತ್ರ ಕೂದಲಿನ ಬೇರನ್ನೇ ಹೆರೆದು ಹಾಕಿದೆ’ ಎಂದು ಇವರು. ‘ನೀವು ಉಪ್ಪು ಹಾಕುವ ಹೊತ್ತಿಗೇ ಅದು ಕೊಳೆತಿತ್ತು’ ಎಂದು ಅವರು.

ಯಾರು ಸರಿ ಎಂದು ನೋಡುವ ದಾರಿ ಇಲ್ಲದಿಲ್ಲ. ಬ್ಯಾಕ್ಟೀರಿಯಾದಿಂದ ಕೊಳೆತ ಜಾಗದಲ್ಲಿ ಕೂದಲಿನ ಜೊತೆಗೆ ಚರ್ಮದ ಮೇಲಿನ ತೆಳು ಪೊರೆಯೂ ಸುಲಿದು ಹೋಗಿ ನುಣ್ಣನೆಯ ತೇಪೆ ಉಳಿಯುತ್ತದೆ. ಅತಿಯಾಗಿ ಹೆರೆದಿದ್ದರೆ ಪೊರೆ ಹಾಗೆಯೇ ಇರುತ್ತದೆ. ತೊಗಲನ್ನು ತಿರುವಿ ನೋಡಿದರೆ ಒಳಮೈಯಲ್ಲಿ ಕತ್ತರಿಸಿದ ಬೇರುಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಇಷ್ಟು ನೋಡುವ ತಾಳ್ಮೆ ಇದ್ದರೆ ಎಷ್ಟೋ ಜಗಳಗಳು ಅಲ್ಲೇ ಮುಗಿಯುತ್ತವೆ. ಆದರೂ ಮೂಲ ಪ್ರಶ್ನೆ ಉಳಿಯುತ್ತದೆ: ಪ್ರಾಣಿಯನ್ನು ಜೀವಂತ ಇರುವಂತೆ ನಿಲ್ಲಿಸುವ ಕಸುಬುದಾರ ತೊಗಲನ್ನು ತಾನೇ ಹದ ಮಾಡಬೇಕೇ, ಅದನ್ನೇ ದಂಧೆ ಮಾಡಿಕೊಂಡ ಕಾರ್ಖಾನೆಗೆ ಕೊಡಬೇಕೇ?

ಬಹುಕಾಲ ಈ ಪ್ರಶ್ನೆ ಹುಟ್ಟಿರಲೇ ಇಲ್ಲ. ಏಕೆಂದರೆ ಆ ಕಾಲದ ಬಹಳಷ್ಟು ಮಾದರಿಗಳಲ್ಲಿ ತೊಗಲನ್ನು ಹದ ಮಾಡುತ್ತಲೇ ಇರಲಿಲ್ಲ. ಒಣಗಿಸಿ, ಹುಳ ಬೀಳದಂತೆ ವಿಷ ಹಚ್ಚಿ, ಒಳಗೆ ಹುಲ್ಲೋ ಹತ್ತಿಯೋ ತುಂಬಿ ಹೊಲಿದರೆ ಆಯಿತು. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಸ್ ಪಟ್ಟಣದ ಔಷಧಿಕಾರ ಝಾನ್ ಬ್ಯಾಪ್ಟಿಸ್ಟ್ ಬೆಕರ್ ಆರ್ಸೆನಿಕ್ ಬೆರೆಸಿದ ಸಾಬೂನೊಂದನ್ನು ತಯಾರಿಸಿದ. ಪಾಷಾಣ (ಅಂದರೆ ಆ ಆರ್ಸೆನಿಕ್), ಕರ್ಪೂರ, ಸುಣ್ಣ, ಸಾಬೂನು, ಪೊಟ್ಯಾಸಿಯಂ ಕಾರ್ಬೊನೇಟ್ — ಇವಿಷ್ಟೇ ಅದರ ಗುಟ್ಟು. ಬದುಕಿರುವವರೆಗೂ ಆತ ಅದನ್ನು ಬಿಟ್ಟುಕೊಡಲಿಲ್ಲ. 1777ರಲ್ಲಿ ಆತ ತೀರಿಕೊಂಡ ಮೇಲೆ, 19ನೇ ಶತಮಾನದ ಮೊದಲ ವರ್ಷಗಳಲ್ಲಿ, ಪ್ಯಾರಿಸ್ ವಸ್ತುಸಂಗ್ರಹಾಲಯದ ಲೂಯಿ ಡ್ಯುಫ್ರೆನ್ ಅದನ್ನು ಅಚ್ಚು ಹಾಕಿಸಿದ. ಮುಂದೆ 20ನೇ ಶತಮಾನದವರೆಗೂ ಜಗತ್ತಿನ ಸಂಗ್ರಹಾಲಯಗಳಲ್ಲಿ ಈ ಸಾಬೂನಿನದೇ ರಾಜ್ಯಭಾರ. ಹಳೆಯ ಮಾದರಿಗಳನ್ನು ಇಂದಿಗೂ ಕೈಗವಸು ಹಾಕಿಕೊಂಡೇ ಮುಟ್ಟಬೇಕಾಗಿರುವುದು ಇದರಿಂದಲೇ.

ಪಾಷಾಣ ಹುಳುಗಳನ್ನು ಕೊಂದಿತು, ತೊಗಲನ್ನು ಬದಲಾಯಿಸಲಿಲ್ಲ. ಹಸಿ ತೊಗಲಿನ ಮುಖ್ಯ ಘಟಕ ಕೊಲಾಜೆನ್ ಎಂಬ ಪ್ರೊಟೀನು. ನೀರಿನಲ್ಲಿಟ್ಟು ಕಾಯಿಸಿದರೆ ಅದು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಮುದುಡಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಕೊಲಾಜೆನ್ನಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಈ ಮೂರಕ್ಕೂ ತಡೆ ಒಡ್ಡುವುದೇ ಹದ ಮಾಡುವುದು. ಮರದ ತೊಗಟೆಯ ರಸ ಅದನ್ನು ಮಾಡುತ್ತದೆ. ಕ್ರೋಮಿಯಂ ಇನ್ನೂ ಬಲವಾಗಿ ಮಾಡುತ್ತದೆ. ಕ್ರೋಮ್ ಹದದ ತೊಗಲು ಕುದಿಯುವ ನೀರನ್ನೂ ತಾಳಬಲ್ಲದು. 1884ರಲ್ಲಿ ಅಗಸ್ಟಸ್ ಶುಲ್ಟ್ಸ್, 1893ರಲ್ಲಿ ಮಾರ್ಟಿನ್ ಡೆನ್ನಿಸ್ ಪಡೆದ ಪೇಟೆಂಟುಗಳಿಂದ ಚಪ್ಪಲಿ-ಬೂಟಿನ ತೊಗಲಿನ ಲೋಕವೇ ಕ್ರೋಮಿನ ಕಡೆ ತಿರುಗಿತು. ನೀಲಿ ಛಾಯೆ ಕೊಡುವ, ಹಿಗ್ಗುವಿಕೆಯನ್ನು ಕಡಿಮೆ ಮಾಡುವ ಈ ಹದ ಟ್ಯಾಕ್ಸಿಡರ್ಮಿಗೆ ಅಷ್ಟಾಗಿ ಒಗ್ಗಲಿಲ್ಲ.

ಇಲ್ಲೊಂದು ಮಾತು ಹೇಳಿ ಮುಂದುವರಿಯಬೇಕು. ‘ಟ್ಯಾನರಿ’ ಎಂದೊಡನೆ ಮನಸ್ಸಿಗೆ ಬರುವ ಚರ್ಮದ ಕಾರ್ಖಾನೆ ಮೊದಲು ಮಾಡುವ ಕೆಲಸವೇ ಸುಣ್ಣ ಮತ್ತು ಸೋಡಿಯಂ ಸಲ್ಫೈಡಿನಲ್ಲಿ ನೆನೆಸಿ ಕೂದಲನ್ನು ಕಿತ್ತು ಹಾಕುವುದು. ಕೂದಲು ಉಳಿಸಿಕೊಡುವವರು ತುಪ್ಪಳ ಹದ ಮಾಡುವವರು. ಆದರೆ ಕೋಟು ಹೊಲಿಯುವವರಿಗೆ ಬೇಕಾದದ್ದು ಹಗುರವಾದ, ಬಟ್ಟೆಯಂತೆ ಬೀಳುವ ತೊಗಲು. ಮೂತಿ, ರೆಪ್ಪೆ, ಪಂಜ ಅವರಿಗೆ ಕತ್ತರಿಸಿ ಎಸೆಯುವ ಭಾಗ. ಟ್ಯಾಕ್ಸಿಡರ್ಮಿಸ್ಟರಿಗೆ ಬೇಕಾದದ್ದೇ ಆ ಮೂತಿ, ಆ ರೆಪ್ಪೆ. ಹೀಗಾಗಿ ಯಾವುದೋ ಒಂದು ಟ್ಯಾನರಿಗೆ ಕಳುಹಿಸಬಹುದೇ ಎಂದು ಕೇಳಿದರೆ ಉತ್ತರ ಖಂಡಿತ ಬೇಡ ಎಂದೇ. ಇಲ್ಲಿ ಚರ್ಚೆ ನಡೆಯುತ್ತಿರುವುದು ಟ್ಯಾಕ್ಸಿಡರ್ಮಿಗೆಂದೇ ಹದ ಮಾಡುವ ಟ್ಯಾನರಿಗಳ ಬಗ್ಗೆ.

19ನೇ ಶತಮಾನದ ಕೊನೆಯಲ್ಲಿ ಅಂಥವುಗಳ ಅಗತ್ಯ ಯಾರಿಗೂ ತೋರಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಹೆನ್ರಿ ವಾರ್ಡ್ ನಡೆಸುತ್ತಿದ್ದ ನಿಸರ್ಗ ಮಾದರಿಗಳ ಕಾರ್ಯಾಗಾರ ಆಗಿನ ದೊಡ್ಡ ಗರಡಿಮನೆ. ಅಲ್ಲಿ ಪಳಗಿದವರು 1880ರಲ್ಲಿ ಅಮೆರಿಕದ ಟ್ಯಾಕ್ಸಿಡರ್ಮಿಸ್ಟರ ಸಂಘ ಕಟ್ಟಿದರು. ಅವರಲ್ಲೊಬ್ಬನಾದ ವಿಲಿಯಂ ಟೆಂಪಲ್ ಹಾರ್ನಡೆ ಉಪ್ಪು ಮತ್ತು ಪಟಿಕದ ನೀರಿನ ದೊಡ್ಡ ವಕೀಲ. ಅಗ್ಗ, ಎಲ್ಲೆಡೆ ಸಿಗುತ್ತದೆ, ತೊಗಲನ್ನು ಬಿಳುಪಾಗಿ ಇಡುತ್ತದೆ, ಕೂದಲನ್ನು ಬಿಗಿಯಾಗಿ ಹಿಡಿಯುತ್ತದೆ, ಕಾಡಿನ ಬಿಡಾರದಲ್ಲೂ ಒಂದು ಪೀಪಾಯಿ ಇದ್ದರೆ ಸಾಕು. ಪಟಿಕದ್ದು ಅರೆಹದ, ನೀರಿನಲ್ಲಿ ತೊಳೆದರೆ ಬಹುಪಾಲು ಹೊರಟೇಹೋಗುತ್ತದೆ. ಒಳಗೆ ಉಳಿದ ಆಮ್ಲ ದಶಕಗಳ ಕಾಲ ಮೆಲ್ಲಗೆ ಎಳೆಗಳನ್ನು ತಿನ್ನುತ್ತದೆ. ಹಳೆಯ ಮಾದರಿಗಳ ಕಿವಿಯಂಚು, ತುಟಿ ಬಿರುಕು ಬಿಟ್ಟಿರುವುದಕ್ಕೆ ಒಂದು ಕಾರಣ ಇದು. ಆದರೆ ಅದನ್ನು ಕಾಣಲು ಹಾರ್ನಡೆಯ ಕಾಲದವರಿಗೆ ಆಯುಷ್ಯ ಸಾಲದು.

ಲೆಕ್ಕವನ್ನು ಬದಲಿಸಿದವನು ಕಾರ್ಲ್ ಏಕ್ಲಿ. ಅವನೂ ವಾರ್ಡ್‌ನ ಗರಡಿಯವನೇ. 1890ರಲ್ಲಿ ಮಿಲ್ವಾಕಿಯಲ್ಲಿ ಜೌಗಿನ ದಂಶಕಗಳಾದ ಮಸ್ಕ್‌ರ‍್ಯಾಟ್‌ಗಳ ಗುಂಪನ್ನು ಅವುಗಳ ನೆಲೆಯ ಸಮೇತ ನಿಲ್ಲಿಸಿದ. ಆಮೇಲೆ ಷಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ಸೆಣಸಾಡುವ ಎರಡು ಆಫ್ರಿಕನ್ ಆನೆಗಳನ್ನು. ತುಂಬುವ ಪದ್ಧತಿಯನ್ನು ಬಿಟ್ಟು ಜೇಡಿಮಣ್ಣಿನಲ್ಲಿ ಪ್ರಾಣಿಯ ಸ್ನಾಯು, ನರ, ಮಡಿಕೆಗಳನ್ನೆಲ್ಲ ಕಡೆದು, ಅಚ್ಚು ತೆಗೆದು, ಹಗುರವಾದ ಟೊಳ್ಳು ಆಕೃತಿ ಮಾಡಿ, ಅದರ ಮೇಲೆ ತೊಗಲು ಹೊದಿಸುವುದು ಅವನ ಕ್ರಮ. ದಪ್ಪ ತೊಗಲನ್ನು ಹಾಗೇ ಹೊದಿಸಿದರೆ ಇಷ್ಟು ಕಷ್ಟಪಟ್ಟು ಕಡೆದ ಸ್ನಾಯು ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೃತಿ ಸೂಕ್ಷ್ಮವಾದಷ್ಟೂ ತೊಗಲು ತೆಳುವಾಗಬೇಕು, ಒಣಗಿದಾಗ ಕುಗ್ಗಬಾರದು, ಒದ್ದೆಯಿದ್ದಾಗ ಹಿಗ್ಗಬೇಕು. ತೊಗಲನ್ನು ತೆಳುವಾಗಿಸುವ ಕೆಲಸ ಒಂದು ಪ್ರತ್ಯೇಕ ವಿದ್ಯೆಯಾದದ್ದು ಅಲ್ಲಿಂದ. ಮನೆಯೋ ಕಾರ್ಖಾನೆಯೋ ಎಂಬ ವಾದ ಇಂದಿಗೂ ಸುತ್ತುವುದು ಇದರ ಸುತ್ತಲೇ. ರಾಸಾಯನಿಕದ ಮಾತು ಆಮೇಲಿನದು.

ಆ ವಿದ್ಯೆ ಹೀಗಿದೆ. ಉಪ್ಪಿಟ್ಟು ಒಣಗಿಸಿದ ತೊಗಲನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿ, ಆಮ್ಲ ಮತ್ತು ಉಪ್ಪು ಬೆರೆಸಿದ ತೊಟ್ಟಿಗೆ ಹಾಕುತ್ತಾರೆ. ಇದಕ್ಕೆ ಕಸುಬಿನಲ್ಲಿ ಪಿಕಲ್ ಎನ್ನುತ್ತಾರೆ. ಫಾರ್ಮಿಕ್ ಆಮ್ಲವೋ ಸಿಟ್ರಿಕ್ ಆಮ್ಲವೋ, ಏನೇ ಇದ್ದರೂ ಪಿಎಚ್ (ಆಮ್ಲದ ಅಳತೆ; ಅಂಕಿ ಏರಿದಷ್ಟೂ ಆಮ್ಲ ಕಡಿಮೆ) 2ರ ಆಸುಪಾಸಿನಲ್ಲಿ ನಿಲ್ಲಬೇಕು, 2.5 ದಾಟಿತೆಂದರೆ ಬ್ಯಾಕ್ಟೀರಿಯಾಗೆ ಜೀವ ಬರುತ್ತದೆ. ಉಪ್ಪು ಲೀಟರಿಗೆ 60 ಗ್ರಾಂಗಿಂತ ಕಡಿಮೆಯಾದರೆ ಆಮ್ಲದಲ್ಲಿ ತೊಗಲು ಊದಿ ಹಾಳಾಗುತ್ತದೆ. ಕನಿಷ್ಠ ಮೂರು ದಿನ ಕಳೆದ ಮೇಲೆ ಹೊರತೆಗೆದಾಗ ತೊಗಲು ಬೆಳ್ಳಗೆ, ಬಿಗುವಾಗಿ, ಬ್ಲೇಡಿಗೆ ಸಿಗುವ ಹದಕ್ಕೆ ಬಂದಿರುತ್ತದೆ. ಆಗ ತಿರುಗುವ ದುಂಡು ಬ್ಲೇಡಿನ ಮುಂದೆ ಕೂತು ಒಳಮೈಯನ್ನು ಹೆರೆಯಬೇಕು. ಕತ್ತಿನಲ್ಲಿ ಧಾರಾಳವಾಗಿ, ಕೆನ್ನೆಯಲ್ಲಿ ಹುಷಾರಾಗಿ, ಕಣ್ಣಿನ ಸುತ್ತ ಉಸಿರು ಬಿಗಿಹಿಡಿದು. ಒಂದು ಮಿಲಿಮೀಟರಿನ ಅರ್ಧದಷ್ಟು ಆಚೀಚೆಯಾದರೂ ಕೂದಲಿನ ಬೇರು ಕಾಣುತ್ತದೆ, ಇಲ್ಲವೇ ತೂತು ಬೀಳುತ್ತದೆ. ಹೆರೆದ ಮೇಲೆ ಮತ್ತೆ ತೊಟ್ಟಿ, ಕೊಬ್ಬು ತೆಗೆಯುವ ತೊಳೆತ, ಅಡುಗೆ ಸೋಡಾದಿಂದ ಆಮ್ಲ ಇಳಿಸುವುದು, ಹದದ ದ್ರಾವಣ, ಎಣ್ಣೆ. ಕೊನೆಗೆ ಮರದ ಹೊಟ್ಟು ತುಂಬಿದ ದೊಡ್ಡ ಪೀಪಾಯಿಯಲ್ಲಿ ಉರುಳಿಸಿದರೆ ತೊಗಲು ಮೆತ್ತಗಾಗುತ್ತದೆ, ಕೂದಲು ಹೊಳೆಯುತ್ತದೆ. ದಿನವೂ ಇದನ್ನೇ ಮಾಡುವವನ ಕೈಗೂ ಋತುವಿಗೆ ನಾಲ್ಕು ಸಲ ಮಾಡುವವನ ಕೈಗೂ ಇರುವ ಅಂತರ ಬ್ಲೇಡಿಗೆ ಕೂಡಲೇ ಗೊತ್ತಾಗುತ್ತದೆ.

20ನೇ ಶತಮಾನದಲ್ಲಿ ಟ್ಯಾನರಿಗಳ ಪಾಲಿಗೆ ಎರಡು ಸಂಗತಿ ಕೂಡಿಬಂದವು. 1911ರಲ್ಲಿ ಎಡ್ಮಂಡ್ ಸ್ಟಿಯಾಸ್ನಿ ಮೊದಲ ಕೃತಕ ಹದದ್ರವ್ಯವನ್ನು ರೂಪಿಸಿದ. ಆ ವಂಶದ ದ್ರವ್ಯಗಳು ಬೆಳೆಯುತ್ತ ಬಂದು, ತೊಗಲನ್ನು ಬೆಳ್ಳಗೆ ಇಟ್ಟು ಹಿಗ್ಗುವ ಗುಣವನ್ನೂ ಉಳಿಸುವ ಹದ ಸಾಧ್ಯವಾಯಿತು. ಇನ್ನೊಂದು, ಪಾಲಿಯುರೆಥೇನ್ ಫೋಮಿನ ಸಿದ್ಧ ಆಕೃತಿಗಳು ಅಳತೆವಾರು ಮಾರಾಟಕ್ಕೆ ಬಂದದ್ದು. ಆಕೃತಿಯನ್ನೇ ಹೊರಗಿನಿಂದ ತರಿಸುವವನು ತೊಗಲನ್ನೂ ಹೊರಗೆ ಕಳುಹಿಸಿದರೆ ತಪ್ಪೇನು? ಎರಡೂ ಕೆಲಸ ತಲೆಯಿಂದ ಇಳಿದರೆ ಅವನು ವರ್ಷಕ್ಕೆ ಹೆಚ್ಚು ಮಾದರಿ ನಿಲ್ಲಿಸಬಲ್ಲ.

ಆದರೆ ಕಾಯುವುದು ಎಲ್ಲರಿಗೂ ಹಿಡಿಸಲಿಲ್ಲ. ಬೇಟೆಯ ಋತು ಮುಗಿಯುತ್ತಿದ್ದಂತೆ ಎಲ್ಲರ ತೊಗಲೂ ಒಟ್ಟಿಗೇ ಟ್ಯಾನರಿಯ ಬಾಗಿಲಿಗೆ ಬರುತ್ತವೆ, ಸರದಿ ತಿಂಗಳುಗಳಿಗೆ ಬೆಳೆಯುತ್ತದೆ. ಆ ಅಸಹನೆಯಿಂದಲೇ ಒಣ ಪುಡಿಗಳಿಗೆ ಗಿರಾಕಿ ಹೆಚ್ಚಿದ್ದು. ಮುಖ್ಯವಾಗಿ ಬಿಳಿಗಾರ, ಅಂದರೆ ಬೊರಾಕ್ಸ್ ಬೆರೆತ ಪುಡಿಯನ್ನು ಒಳಮೈಗೆ ಉಜ್ಜಿ, ಅವತ್ತೇ ಆಕೃತಿಗೆ ಏರಿಸಿ ಬಿಡಬಹುದು. ಮಾರುವವರು ಅದಕ್ಕೆ ಹದ ಎಂಬಂತೆ ಹೆಸರಿಟ್ಟರೂ ಅದು ಹದವಲ್ಲ. ತೇವ ಹೀರಿ ಹುಳ ಬಾರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಒಣಗುವಾಗ ಒಳಗಿನ ಹಸಿ ಕೊಲಾಜೆನ್ ತನ್ನ ಬುದ್ಧಿ ತೋರಿಸುತ್ತದೆ: ಹೊಲಿಗೆ ಬಿಚ್ಚುತ್ತದೆ, ರೆಪ್ಪೆ ಗಾಜಿನ ಕಣ್ಣಿನಿಂದ ಹಿಂದೆ ಸರಿಯುತ್ತದೆ, ಕಣ್ಣಿನ ಮೂಲೆಯಲ್ಲೂ ಮೂಗಿನ ಪಕ್ಕದಲ್ಲೂ ತೊಗಲು ಡೋಲಿನ ಚರ್ಮದಂತೆ ಬಿಗಿದು ಆಕೃತಿಯನ್ನು ಬಿಟ್ಟು ಮೇಲೇಳುತ್ತದೆ. ಅಂಟು ಚೆನ್ನಾಗಿದ್ದು, ತೊಗಲನ್ನು ಸರಿಯಾಗಿ ತೆಳು ಮಾಡಿದ್ದರೆ ಒಣ ಪುಡಿಯಿಂದಲೂ ಒಳ್ಳೆಯ ಮಾದರಿ ನಿಲ್ಲಿಸಿದವರಿದ್ದಾರೆ ಎಂಬುದೂ ನಿಜ. ಹಾಗೆ ತೆಳು ಮಾಡಬಲ್ಲವರು ಆಮ್ಲದ ತೊಟ್ಟಿಗೆ ಯಾಕೆ ಹೆದರಬೇಕೋ ನನಗೆ ಅರ್ಥವಾಗಿಲ್ಲ.

ಈಗ ಮೂರನೆಯ ದಾರಿಯೂ ಇದೆ. ಕೃತಕ ಹದದ್ರವ್ಯಗಳು ಚಿಕ್ಕ ಡಬ್ಬಿಗಳಲ್ಲಿ ಸಿಗುತ್ತವೆ, ಕೈಗೆಟಕುವ ಹೆರೆಯುವ ಯಂತ್ರಗಳಿವೆ, ಪಿಎಚ್ ನೋಡುವ ಪಟ್ಟಿಗಳಿವೆ. ಕಾರ್ಖಾನೆಯ ರಸಾಯನವನ್ನೇ ಕೊಟ್ಟಿಗೆಯಲ್ಲಿ ಮಾಡಬಹುದು. ಹಾಗಾಗಿ ಟ್ಯಾನರಿಯ ಹದ ಶ್ರೇಷ್ಠ ಎಂಬ ಹಳೆಯ ವಾದಕ್ಕೆ ಈಗ ಮೊದಲಿನ ಬಲವಿಲ್ಲ. ಉಳಿದಿರುವ ಬಲವಾದ ವಾದ ದೇಹಶ್ರಮದ್ದು, ಕೊಬ್ಬಿನದ್ದು. ಕರಡಿಯ ತೊಗಲಿನಲ್ಲಿ ಎಣ್ಣೆ ಎಷ್ಟಿರುತ್ತದೆಂದರೆ ಸಣ್ಣ ಬಕೆಟ್ಟಿನಲ್ಲಿ ತೊಳೆದಷ್ಟೂ ಒಳಗಿನಿಂದ ಬರುತ್ತಲೇ ಇರುತ್ತದೆ. ಹದದ ದ್ರವ್ಯ ಆ ಎಣ್ಣೆಯನ್ನು ದಾಟಿ ಒಳಹೋಗುವುದಿಲ್ಲ. ಕಾಡೆಮ್ಮೆಯ ಹೆಗಲು, ಭಾರೀ ಜಿಂಕೆಯಾದ ಮೂಸ್‌ನ ಕತ್ತು, ದೊಡ್ಡ ಹಂದಿಯ ಪಕ್ಕೆ, ಇವನ್ನು ಕೈಯಲ್ಲಿ ತೆಳುಮಾಡುವುದೆಂದರೆ ದಿನಗಟ್ಟಲೆ ಬೆನ್ನು ಬಗ್ಗಿಸುವ ಕೆಲಸ. ನೆಲಕ್ಕೆ ಹಾಸುವ ತೊಗಲಿಗೆ ಬೇಕಾದ ಮೆದುತನವೂ ಉರುಳುವ ದೊಡ್ಡ ಪೀಪಾಯಿ ಇಲ್ಲದೆ ಬರುವುದು ಕಷ್ಟ. ಇಂಥವನ್ನು ಕಳುಹಿಸುವುದೇ ಲೇಸು. ನರಿ, ಅಳಿಲು, ಮೊಲದಂಥ ತೆಳು ತೊಗಲಿನ ಪ್ರಾಣಿಗಳನ್ನು ಮಾತ್ರ ದಪ್ಪ ತೊಗಲುಗಳ ಜೊತೆ ಒಂದೇ ತೊಟ್ಟಿಯಲ್ಲಿ ತಿರುಗಲು ಬಿಡುವುದು ನನ್ನ ಮಟ್ಟಿಗೆ ಅವಿವೇಕ. ಅವನ್ನು ತಾವೇ ಮಾಡಿಕೊಳ್ಳಬೇಕು. ಹಕ್ಕಿ, ಮೀನುಗಳ ತೊಗಲು ಈ ಚರ್ಚೆಯೊಳಗೆ ಬರುವುದೇ ಇಲ್ಲ.

ಕಳುಹಿಸಿದರೆ ಕೆಲಸ ತಪ್ಪಿತು ಎಂದುಕೊಳ್ಳುವವರೇ ಹೆಚ್ಚು ಪೆಟ್ಟು ತಿನ್ನುವುದು. ಪೆಟ್ಟಿಗೆ ಕಟ್ಟುವ ಮೊದಲು ಕಿವಿಯನ್ನು ಮೃದ್ವಸ್ಥಿಯಿಂದ ಬಿಡಿಸಿ ತುದಿಯವರೆಗೆ ಒಳಹೊರಗು ತಿರುವಬೇಕು. ತುಟಿ ಮತ್ತು ರೆಪ್ಪೆಯನ್ನು ಒಳಗಿನಿಂದ ಸೀಳಿ ಬಿಡಿಸಬೇಕು. ಮೂಗಿನ ಮಾಂಸ ತೆಗೆಯಬೇಕು. ಒಂದು ಎಳೆ ಮಾಂಸವೂ ಉಳಿಯದಂತೆ ಒಳಮೈ ಕೆರೆದು, ತೊಗಲಿನ ತೂಕದಷ್ಟೇ ಸಣ್ಣ ಉಪ್ಪನ್ನು ಅಂಚು, ಮಡಿಕೆ ಬಿಡದೆ ಉಜ್ಜಬೇಕು. ಇಳಿಜಾರಿನಲ್ಲಿ ಇಟ್ಟು ನೀರು ಬಸಿಯಲು ಬಿಟ್ಟು, ಒಂದು ದಿನದ ಮೇಲೆ ಆ ಉಪ್ಪು ಕೊಡವಿ ಹೊಸ ಉಪ್ಪು ಹಾಕಿ, ಗಟ್ಟಿಯಾಗುವವರೆಗೆ ಒಣಗಿಸಬೇಕು. ಕಲ್ಲುಪ್ಪಿನ ಹರಳು ಕೆಲಸಕ್ಕೆ ಬಾರದು. ಹರಳುಗಳ ನಡುವಿನ ಸಂದಿಯಲ್ಲೇ ಕೊಳೆತ ಶುರುವಾಗುತ್ತದೆ. ಇಷ್ಟೂ ಪ್ರಾಣಿ ಸತ್ತ ಮೊದಲ ದಿನಗಳ ಕೆಲಸ, ಇಷ್ಟೂ ಕಳುಹಿಸುವವನದೇ. ಈ ಹಂತದಲ್ಲಿ ಸಡಿಲವಾದ ಕೂದಲನ್ನು ಮತ್ತೆ ಬಿಗಿಮಾಡುವ ದ್ರಾವಣ ಯಾವ ಟ್ಯಾನರಿಯಲ್ಲೂ ಇಲ್ಲ.

ಹೊರಗೆ ಹರಿದುಹೋಗುವ ನೀರಿನ ವಿಚಾರ ಇತ್ತೀಚೆಗೆ ತಕ್ಕಡಿಗೆ ಸೇರಿದ ಹೊಸ ತೂಕ. ಒಂದು ತೊಟ್ಟಿ ಪಿಕಲ್ ಎಂದರೆ ಆಮ್ಲ, ಕಿಲೋಗಟ್ಟಲೆ ಉಪ್ಪು. ಸೋಡಾ ಹಾಕಿದರೆ ಆಮ್ಲ ಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗದೆ ಮಣ್ಣಿನಲ್ಲೋ ಬಾವಿಯಲ್ಲೋ ಉಳಿಯುತ್ತದೆ. ದೊಡ್ಡ ಟ್ಯಾನರಿಯ ಮೇಲೆ ಅಧಿಕಾರಿಗಳ ಕಣ್ಣಿರುತ್ತದೆ, ಶುದ್ಧೀಕರಣಕ್ಕೆ ವ್ಯವಸ್ಥೆ ಮಾಡಬೇಕಾಗುತ್ತದೆ. ಹಿತ್ತಲ ಚರಂಡಿಯನ್ನು ಕೇಳುವವರಿಲ್ಲ.

ಕಾಗದಪತ್ರದ ಲೆಕ್ಕ ಮಾತ್ರ ಇದಕ್ಕೆ ತಿರುಗುಮುರುಗು. ಅಪಾಯದಲ್ಲಿರುವ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಯ ತೊಗಲು ಹದಕ್ಕೆಂದು ದೇಶದ ಗಡಿ ದಾಟಿದರೂ ಪರವಾನಗಿ ಬೇಕು. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಗಮನಕ್ಕೆ ಬಂದ, ಜಿಂಕೆಗಳ ಮೆದುಳನ್ನು ಹಾಳುಮಾಡುವ ಕ್ಷಯಕಾರಿ ಕಾಯಿಲೆ ಹರಡಿದಂತೆ, ಅಮೆರಿಕದ ಹಲವು ರಾಜ್ಯಗಳು ಇಡೀ ತಲೆ, ಬೆನ್ನುಹುರಿ ಗಡಿ ದಾಟುವುದನ್ನು ತಡೆದಿವೆ. ತಲೆ ಬಿಡಿಸಿ ಚೊಕ್ಕಟ ಮಾಡಿದ ತೊಗಲಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಎಂದರೆ ಮೂತಿ-ಕಿವಿ ಬಿಡಿಸುವ ಕೆಲಸವನ್ನು ಟ್ಯಾನರಿಗೇ ಬಿಟ್ಟು ತಲೆಸಮೇತ ಕಳುಹಿಸುವ ಸೋಮಾರಿತನಕ್ಕೆ ಅಲ್ಲಿ ಕಾನೂನೇ ಬಾಗಿಲು ಹಾಕಿದೆ.

ಟ್ಯಾನರಿಗಳ ರಶೀದಿಯಲ್ಲಿ ತೊಗಲು ಕೆಟ್ಟರೆ ಹೊಣೆ ಕಳುಹಿಸಿದವರದೇ ಎಂಬ ಸಾಲು ಸಾಮಾನ್ಯ. ಅದಕ್ಕೆ ಸಿಟ್ಟಾಗಿ ಫಲವಿಲ್ಲ. ಕಳುಹಿಸುವ ಮುನ್ನ ಗಿರಾಕಿಗೆ ಆ ಸಾಲನ್ನು ಓದಿ ಹೇಳುವುದು, ಉಪ್ಪಿಟ್ಟ ತೊಗಲಿನ ಕಿವಿ, ಮೂತಿ, ಕಂಕುಳನ್ನು ಹತ್ತಿರದಿಂದ ಫೋಟೊ ತೆಗೆದಿಡುವುದು, ಮೂತಿಯಿಂದ ಕಣ್ಣಿಗೆ, ಕತ್ತಿನ ಸುತ್ತಳತೆಗೆ ಟೇಪು ಹಿಡಿದು ಬರೆದಿಡುವುದು ಸಾಧ್ಯವಿರುವ ಕೆಲಸ. ವಾಪಸ್ ಬಂದ ದಿನ ನೆನೆಸಿ ಅದೇ ಟೇಪು ಹಿಡಿದರೆ ತೊಗಲು ತನ್ನ ಹಳೆಯ ಅಳತೆಗೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹೊಸ ಟ್ಯಾನರಿಯನ್ನು ಹುಡುಕುವವರು ಮೊದಲು ತಮ್ಮದೇ ಆದ, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ತೊಗಲನ್ನು ಕಳುಹಿಸಿ ಈ ಅಳತೆ ನೋಡಿಕೊಳ್ಳಬಹುದು.